ಮರಳು

ಪಡ್ಡಿನ ಹಂಚನ್ನು ಬೋರಲು ಹಾಕಿ
ಅದರಡಿ ಇರುವೆಯಂತೆ ನಿಂತು ಮೇಲೆ ನೋಡಿದರೆ
ಹೇಗೆ ಕಾಣುತ್ತದೋ ಹಾಗಿದೆ ಈ ಸೂರು:
ಒಂಬತ್ತು ಮೀಟರಿಗೆ ಒಂಬತ್ತು ಮೀಟರು,
ಸಾಲು ಸಾಲು ಚೌಕದ ಗುಳಿ,
ನಡುವೆ ಅಡ್ಡ ಉದ್ದ ಪಕ್ಕೆಲುಬು.
ಕೌಲ್ ಬಜಾರಿನ ಹೊಲಿಗೆ ಸಂಘದ ಹೊಸ ಕಟ್ಟಡ.
ಲೆಕ್ಕ ನನ್ನದು.

ಲೆಕ್ಕ ತಪ್ಪಿರಲಿಲ್ಲ. ತಪ್ಪಿದ್ದು ದಿನ.
ಬಾಡಿಗೆಯ ಫೈಬರ್ ಬಟ್ಟಲು ಗುಂತಕಲ್ಲಿಗೆ ಹೋಗಬೇಕಿತ್ತು,
ಲಾರಿ ಬಂದು ಹಾರ್ನ್ ಹೊಡೆಯುತ್ತಿತ್ತು,
ಮೇಸ್ತ್ರಿ ಗಾದಿಲಿಂಗಪ್ಪ ಹನ್ನೊಂದನೆಯ ದಿನಕ್ಕೇ
ಆಸರೆಗಂಬ ಬಿಚ್ಚಿಸಿದ.
"ಏನಾಗಂಗಿಲ್ಲ ಬಿಡ್ರಿ ಮೇಡಂ, ಗಟ್ಟಿ ಐತೆ" ಅಂದ.
ಅಂದು, ಮೇಲೆ ನೋಡಲಿಲ್ಲ.

ಬೀಳುವುದಿಲ್ಲವೆಂದು ಕಾಗದದ ಮೇಲೆ ಬರೆದುಕೊಡಬಲ್ಲೆ.
ಆದರೆ ಬೀಳದೆಯೇ ಇಷ್ಟಿಷ್ಟೇ ಇಳಿದು
ಗೋಡೆಗೆ ಕೂದಲೆಳೆ ಬಿರುಕು ಬಿಟ್ಟು,
ಮಷೀನಿನ ಕಾಲಡಿಗೆ ರಟ್ಟು ತುರುಕಿಕೊಂಡು
ಹೊಲಿಯುವವರು ದಿನವೂ ಬೈದುಕೊಂಡು...
ಅದಕ್ಕೆ ಯಾರ ಸಹಿ?

ಭಾರ ಹೇರಿ ನೋಡಬೇಕು ಅಂದೆ.
ನಲವತ್ತೊಂದು ಟನ್ನು ಮರಳು. ಚೀಲ ಎಲ್ಲಿ?
ಖಾಸಿಂಬಿ ನಕ್ಕು ಗೋದಾಮಿನ ಬೀಗ ತೆಗೆದಳು:
ಬಣ್ಣ ಹತ್ತದ್ದು, ಜಿಪ್ಪು ಸೊಟ್ಟಗಾದದ್ದು,
ಕೊಂಡವರು ಬೇಡವೆಂದು ಹಿಂದೆ ಕಳಿಸಿದ್ದು,
ಸಾವಿರಕ್ಕೂ ಮಿಗಿಲು ಜೀನ್ಸ್ ಪ್ಯಾಂಟು.
ಕಾಲಿನ ತುದಿ ಹೊಲಿದರು, ಸೊಂಟದ ತನಕ ಮರಳು ತುಂಬಿದರು,
ಬೆಲ್ಟಿನ ಕುಣಿಕೆಗೆ ಸುತಳಿ ಕಟ್ಟಿದರು.

ಏಕರೂಪ ಭಾರ ಎನ್ನುತ್ತದೆ ನನ್ನ ಪುಸ್ತಕ.
ಇಪ್ಪತ್ತೆಂಟರ ಸೊಂಟಕ್ಕೆ ಮೂವತ್ತಮೂರು ಕೆಜಿ,
ಮೂವತ್ತಾರರ ಸೊಂಟಕ್ಕೆ ನಲವತ್ತೇಳು.
ಒಂದೊಂದನ್ನೂ ತಕ್ಕಡಿಗೆ ಹಾಕಿ
ದಪ್ಪದವರ ಪಕ್ಕ ಸಣ್ಣವರನ್ನು ಕೂರಿಸಿ
ಸರಿದೂಗಿಸುತ್ತಾ ಬೆಳಗಿನ ಜಾವವಾಯಿತು.
ಅಂದು ಇಡೀ ದಿನ, ಇಡೀ ರಾತ್ರಿ, ಸೂರಿನ ಮೇಲೆ
ಮುಂಡವಿಲ್ಲದ ಸಾವಿರ ಮಂದಿ
ಕಾಲು ಚಾಚಿ ಕೂತಿದ್ದರು, ಯಾವ ಸಭೆಗೋ.

ಕೆಳಗೆ, ಕಂಬಿಯ ತುದಿಯಲ್ಲಿ ಒಂದು ಗಡಿಯಾರ.
ಅದರ ಮುಳ್ಳಿಗೆ ಗಂಟೆ ಗೊತ್ತಿಲ್ಲ,
ಮಿಲ್ಲಿಮೀಟರಿನ ನೂರರಲ್ಲೊಂದು ಪಾಲು ಗೊತ್ತು.
ಬೆಳಗಿನ ಐದಕ್ಕೇ ಓದಬೇಕು ಅದನ್ನು.
ಬಳ್ಳಾರಿಯ ಬಿಸಿಲೇರಿತೆಂದರೆ ಕಾಂಕ್ರೀಟು
ಬೆಕ್ಕಿನಂತೆ ಬೆನ್ನು ಮೇಲೆತ್ತಿ
ಸುಳ್ಳು ಹೇಳುತ್ತದೆ.

ಹತ್ತರೊಳಗೆ ನಿಂತಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.
ಹತ್ತು ಬಿಂದು ನಾಲ್ಕು.
"ಫೇಲಾ?" ಗಾದಿಲಿಂಗಪ್ಪನ ದನಿ ಗಂಟಲಲ್ಲೇ ಇತ್ತು.
"ಇನ್ನೂ ಇಲ್ಲ. ಇಳಿಸಿ ನೋಡಬೇಕು.
ಎಷ್ಟು ಬಾಗಿತು ಅನ್ನೋದು ಅರ್ಧ ಮಾತು,
ಎಷ್ಟು ಮರಳುತ್ತೆ ಅನ್ನೋದು ಉಳಿದರ್ಧ."
"ಮರಳು ಇಳಿಸಿದ್ರೆ ಮರಳತೈತಾ" ಅಂದವನು
ತನ್ನ ಮಾತಿಗೆ ತಾನೇ ನಗದೆ ಹೋದ.

ಮುಕ್ಕಾಲು ಪಾಲಾದರೂ ವಾಪಸು ಬರಬೇಕು, ಒಂದು ದಿನದಲ್ಲಿ.
ಪೂರ್ತಿ ಬರಬೇಕೆಂದು ಯಾರೂ ಕೇಳುವುದಿಲ್ಲ;
ನಿಯಮ ಬರೆದವರು
ನೆಂಟರಿಗೆ ಕೈಸಾಲ ಕೊಟ್ಟು ಬಲ್ಲವರಿರಬೇಕು.

ಕಾಲುಗಳು ಹೆಗಲೇರಿ ಇಳಿದವು,
ನಿದ್ದೆಹೋದ ಕೂಸುಗಳನ್ನು ಹೊತ್ತ ಹಾಗೆ.
ಆಮೇಲಿನ ರಾತ್ರಿ ನಾನು, ಅವನು,
ಖಾಸಿಂಬಿ ಕಳಿಸಿದ ಚಹಾ.
ಮಾತಿಲ್ಲ. ಕತ್ತಲಲ್ಲಿ ಏಕಶಿಲೆಯ ಗುಡ್ಡ.
ಅದೂ ಬಾಗಿರಬಹುದು; ಮುಳ್ಳು ಹಚ್ಚಿ ನೋಡಿದವರಿಲ್ಲ.

ಮತ್ತೆ ಐದು ಗಂಟೆ. ಟಾರ್ಚು.
ಎರಡು ಬಿಂದು ಒಂದು.
"ಇನ್ನೊಂದ್ಸಲ ಓದ್ರಿ."
ಎರಡು ಬಿಂದು ಒಂದು.
ನೂರಕ್ಕೆ ಎಂಬತ್ತು ಮರಳಿದೆ, ಕೂದಲೆಳೆ ಕಡಿಮೆ.
ಪಾಸು.
ಆಗ ಅವನು ಮೊದಲ ಸಲ ತಲೆಯೆತ್ತಿ
ಗುಳಿಗಳನ್ನು ಒಂದೊಂದಾಗಿ ನೋಡಿದ,
ಸಂತೆಯಿಂದ ಬಂದವನು ಚಿಲ್ಲರೆ ಎಣಿಸುವಂತೆ.

ವರದಿಯಲ್ಲಿ ಬರೆದೆ: ತೃಪ್ತಿಕರ.
ಮರಳದೆ ಉಳಿದದ್ದು ಎಲ್ಲಿದೆ ಎಂಬುದಕ್ಕೆ ಕಾಲಮ್ಮಿಲ್ಲ.
ಹನ್ನೊಂದನೆಯ ದಿನದಲ್ಲೇ ಇರಬೇಕು,
ಆ ಲಾರಿಯ ಹಾರ್ನಿನ ಹತ್ತಿರ.

ಮೇಲೆ ಖಾಸಿಂಬಿ ಪ್ಯಾಂಟು ಕೊಡವುತ್ತಿದ್ದಳು.
ಎಷ್ಟು ಕೊಡವಿದರೂ ಜೇಬಿನ ಹೊಲಿಗೆಯ ಮೂಲೆಯಲ್ಲಿ
ಚಿಟಿಕೆ ಮರಳು.
"ಇದೊಂದು ಹೋಗಂಗಿಲ್ಲಮ್ಮ" ಅಂದು
ಮೂವತ್ತೆರಡರ ಸೊಂಟದ್ದೊಂದನ್ನು
ಗಾದಿಲಿಂಗಪ್ಪನ ಅಳತೆಗೆ ಹಿಡಿದು ನೋಡಿದಳು.